ಗುಣವಾದ ಮೇಲಿನ ಕಾವೇರಿ: ಕಲ್ಪನಾ ಅಭಿನಯದ ಒಂದು ಮರುಓದು

ಕಲ್ಪನಾ (1943–1979) ಅವರ ಅಭಿನಯದ ಚರ್ಚೆ ಸಾಮಾನ್ಯವಾಗಿ ‘ಶರಪಂಜರ’ದ (1972) ಕೊನೆಯ ಭಾಗಕ್ಕೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಒಂದೋ ಅತಿಭಾವುಕತೆಯ ಆಕ್ಷೇಪ, ಇಲ್ಲವೇ ‘ಮಿನುಗುತಾರೆ’ ಎಂದೇ ಕರೆಸಿಕೊಂಡ ನಟಿಯ ಆರಾಧನೆ. ನನ್ನ ವಾದ ಇಷ್ಟು: ಆ ಚಿತ್ರದಲ್ಲಿ ಅವರು ಪಟ್ಟಿರುವ ನಿಜವಾದ ಶ್ರಮ ಕಾಣುವುದು ಅವರ ಪಾತ್ರವಾದ ಕಾವೇರಿಯ ಹುಚ್ಚು ವಾಸಿಯಾದ ಮೇಲಿನ ದೃಶ್ಯಗಳಲ್ಲಿ.

ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಎರಡನೆಯ ಹೆರಿಗೆಯ ನಂತರ ಕಾವೇರಿಗೆ ಬಾಣಂತಿ ಸನ್ನಿ. ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳುತ್ತಾಳೆ. ವೈದ್ಯರ ಪಾಲಿಗೆ ಪ್ರಕರಣ ಮುಗಿಯಿತು. ಮನೆಯವರಿಗೆ, ನೆರೆಹೊರೆಯವರಿಗೆ ಮುಗಿಯಲಿಲ್ಲ. ನಕ್ಕರೆ ಅನುಮಾನ, ಸಿಟ್ಟಾದರೆ ಭಯ, ಸುಮ್ಮನಿದ್ದರೂ ಪಿಸುಮಾತು. ಗಂಡ ಸತೀಶ (ಗಂಗಾಧರ್) ಅಷ್ಟರಲ್ಲಿ ಇನ್ನೊಬ್ಬಳತ್ತ ವಾಲಿದ್ದಾನೆ. ಅದನ್ನು ಪ್ರಶ್ನಿಸುವ ಹಕ್ಕು ಕಾವೇರಿಗಿದೆ, ಆದರೆ ದನಿ ಏರಿಸಿದರೆ ಮತ್ತೆ ಕೆಟ್ಟಿತು ಎನ್ನುತ್ತಾರೆ. ಹೀಗಾಗಿ ಸ್ವಸ್ಥಳಾದವಳೇ ಸ್ವಾಸ್ಥ್ಯವನ್ನು ಅಭಿನಯಿಸಬೇಕು. ಆ ಪ್ರಯಾಸ ಪ್ರೇಕ್ಷಕರಿಗೆ ಕಾಣಬೇಕು, ಮನೆಯವರಿಗೆ ಕಾಣಕೂಡದು.

ಕಲ್ಪನಾ ಇದನ್ನು ಬಹುಮಟ್ಟಿಗೆ ದನಿಯಿಂದಲೇ ಸಾಧಿಸುತ್ತಾರೆ. ಮಾತು ಏರಬೇಕಾದ ಕಡೆ ತಗ್ಗುತ್ತದೆ. ವಾಕ್ಯದ ಕೊನೆ ಉಸಿರಿನಲ್ಲಿ ಕರಗುತ್ತದೆ. ಹೇಳಿದ್ದು ಸರಿಯಾಗಿ ಕೇಳಿಸಿತೇ ಎಂದು ಕಣ್ಣು ಎದುರಿನವರ ಮುಖ ಹುಡುಕುತ್ತದೆ. ಕಲ್ಪನಾ ಅವರನ್ನು ಅನುಕರಿಸಿ ಚಪ್ಪಾಳೆ ಗಿಟ್ಟಿಸುವವರು ಎತ್ತಿಕೊಳ್ಳುವುದು ಏರಿದ ದನಿಯನ್ನಷ್ಟೇ. ಮನೆಗೆ ಮರಳಿದ ಕಾವೇರಿಗೆ ಹೋಲಿಕೆಯಾಗಿ, ವನವಾಸದಿಂದ ಮರಳಿದ ಸೀತೆಯನ್ನು ಚಿತ್ರ ಹಾಡಾಗಿಯೂ ತರುತ್ತದೆ. ಸಂಕೇತ ತುಸು ಢಾಳಾಯಿತು (ಪುಟ್ಟಣ್ಣನವರಿಗೆ ಆ ಮೋಹ ಇದ್ದೇ ಇತ್ತು). ಅದು ಹೇಳಹೊರಟಿದ್ದನ್ನು ಕಲ್ಪನಾ ಅವರ ಮುಖ ಆಗಲೇ ಹೇಳಿ ಮುಗಿಸಿರುತ್ತದೆ.

ಈ ಸಂಯಮವೆಲ್ಲ ನಿರ್ದೇಶಕರ ಕೊಡುಗೆ ಎನ್ನುವುದು ಸುಲಭ. ‘ಬೆಳ್ಳಿಮೋಡ’ದ (1967) ಇಂದಿರಾ, ಆಸ್ತಿಯ ಆಸೆಗೆ ಬಂದು ದೂರವಾಗಿ ಮರಳಿದ ಮೋಹನನನ್ನು ಒಲ್ಲೆ ಎನ್ನುವುದು ಪುಟ್ಟಣ್ಣನವರ ಚಿತ್ರದಲ್ಲೇ, ನಿಜ. ಆದರೆ ದೊರೆ–ಭಗವಾನ್ ನಿರ್ದೇಶನದ ‘ಎರಡು ಕನಸು’ (1974) ನೋಡಿ. ಹಳೆಯ ಪ್ರೇಮದ ನೆನಪಲ್ಲೇ ಇರುವ ಗಂಡನ ಮನೆಯಲ್ಲಿ ದಿನ ದೂಡುವ ಗೌರಿಯ ತಾಳ್ಮೆ, ಒಳಗುದಿ ಎರಡೂ ಅಲ್ಲಿವೆ, ಪುಟ್ಟಣ್ಣ ಇಲ್ಲ.

1979ರ ಮೇ ತಿಂಗಳಲ್ಲಿ, ನಾಟಕ ಪ್ರದರ್ಶನಕ್ಕೆಂದು ಬೆಳಗಾವಿ ಜಿಲ್ಲೆಗೆ ಹೋಗಿದ್ದ ಕಲ್ಪನಾ ಸಂಕೇಶ್ವರದ ಬಳಿಯ ಗೋಟೂರಿನಲ್ಲಿ ತೀರಿಕೊಂಡರು. ಆಮೇಲೆ ಕಾವೇರಿಯ ಕಥೆಯನ್ನೂ ನಟಿಯ ಬದುಕನ್ನೂ ಬೆರೆಸಿ ಓದುವುದು ರೂಢಿಯಾಯಿತು. ಸ್ವಂತ ನೋವನ್ನೇ ತೆರೆಗೆ ಸುರಿದರು ಎಂಬ ಮಾತು ಮೆಚ್ಚುಗೆಯಂತೆ ಕೇಳಿಸಿದರೂ ಅವರ ಕಸುಬನ್ನು ಅಲ್ಲಗಳೆಯುತ್ತದೆ. ‘ಶರಪಂಜರ’ ಬಿಡುಗಡೆಯಾದದ್ದು ಅವರ ಸಾವಿಗೆ ಏಳು ವರ್ಷ ಮೊದಲು ಎಂಬುದನ್ನೂ ಅದು ಮರೆಸುತ್ತದೆ. ಚಲನಚಿತ್ರ ಅಧ್ಯಯನದ ತರಗತಿಗಳಲ್ಲಿ ಈ ಚಿತ್ರವನ್ನು ಪಾಠ ಮಾಡುವವರು ಕೊನೆಯ ರೀಲುಗಳನ್ನು ಬದಿಗಿಟ್ಟು, ಕಾವೇರಿ ಆಸ್ಪತ್ರೆಯಿಂದ ಮರಳಿದ ಭಾಗವನ್ನು ಮೊದಲು ತೋರಿಸಲಿ.