ಸಗಾಯಿಗೆ ಮೆಹಂದಿ: ಕಪ್ಪಾದಷ್ಟೂ ಅತ್ತೆಯ ಪ್ರೀತಿಯೇ?

"ಮೆಹಂದಿ ಎಷ್ಟು ಕಪ್ಪಾಗುತ್ತದೋ ಅತ್ತೆಯ ಪ್ರೀತಿ ಅಷ್ಟು." ಪಂಜಾಬಿ ಅಥವಾ ಮಾರ್ವಾಡಿ ಮನೆಗೆ ಸೊಸೆಯಾಗಿ ಹೋಗಲಿರುವ ಕನ್ನಡದ ಹುಡುಗಿಯ ಮೊಬೈಲಿಗೆ ಈ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಅದರ ಹಿಂದೆಯೇ ಇನ್ನೊಂದು: "ಹತ್ತೇ ನಿಮಿಷದಲ್ಲಿ ಕಡುಕಪ್ಪು ಬಣ್ಣ ಕೊಡುವ ಕೋನ್, ಇಂದೇ ಕೊಳ್ಳಿ." ಮೊದಲನೆಯದು ತಮಾಷೆಯ ಮಾತು. ಎರಡನೆಯದನ್ನು ನಂಬಿದರೆ ನಿಶ್ಚಿತಾರ್ಥದ ಫೋಟೊಗಳಲ್ಲಿ ಬೊಬ್ಬೆ ಎದ್ದ ಕೈ ಕಾಣಿಸಬಹುದು.

ಚುಟುಕಾಗಿ ಹೇಳುವುದಾದರೆ, ನಿಜವಾದ ಮದರಂಗಿ ಎಲೆ ಹತ್ತು ನಿಮಿಷದಲ್ಲಿ ಬಣ್ಣ ಕೊಡುವುದಿಲ್ಲ, ಇದ್ದಿಲಿನಂಥ ಕಪ್ಪು ಬಣ್ಣವನ್ನಂತೂ ಕೊಡುವುದೇ ಇಲ್ಲ. ಕೊಟ್ಟರೆ ಅದರಲ್ಲಿ ಬೇರೇನೋ ಸೇರಿದೆ ಎಂದರ್ಥ. ಸಂಗಾತಿಯ ಮನೆಯ ಶಾಸ್ತ್ರವನ್ನು ಬಿಡಬೇಕಾಗಿಲ್ಲ. ಎರಡು ದಿನ ಮೊದಲೇ ತಯಾರಿ ಮಾಡಿಕೊಂಡರೆ ಸಾಕು.

ಸಗಾಯಿಯಲ್ಲಿ ಮೆಹಂದಿ ಎಲ್ಲಿ ಬರುತ್ತದೆ?

ಉತ್ತರ ಭಾರತದ ಹಲವು ಸಮುದಾಯಗಳಲ್ಲಿ ನಿಶ್ಚಿತಾರ್ಥಕ್ಕೆ ಸಗಾಯಿ ಎನ್ನುತ್ತಾರೆ. ಪಂಜಾಬಿ ಮನೆಗಳಲ್ಲಿ ಇದರ ಜೊತೆಗೇ ಚುನ್ನಿ ಶಾಸ್ತ್ರವೂ ನಡೆಯುವುದುಂಟು. ಹುಡುಗನ ಕಡೆಯವರು ಕೆಂಪು ಚುನ್ನಿ, ಬಟ್ಟೆ, ಒಡವೆ, ಸಿಹಿ ತರುತ್ತಾರೆ. ಅತ್ತೆಯಾಗುವವರು ಹುಡುಗಿಯ ತಲೆಗೆ ಚುನ್ನಿ ಹೊದಿಸಿ, ಅಂಗೈಗೆ ಶಕುನವೆಂದು ಸ್ವಲ್ಪ ಮೆಹಂದಿ ಇಡುವ ರೂಢಿ ಹಲವೆಡೆ ಇದೆ. ಮೊಣಕೈವರೆಗಿನ ಚಿತ್ತಾರ ಸಾಮಾನ್ಯವಾಗಿ ಮದುವೆಯ ಹಿಂದಿನ ದಿನಗಳ ಮೆಹಂದಿ ಕಾರ್ಯಕ್ರಮಕ್ಕೆ ಸೇರಿದ್ದು. ಆದರೆ ಈಗ ಸಗಾಯಿಗೂ ಕೈತುಂಬ ಹಾಕಿಸಿಕೊಳ್ಳುವವರು ಹೆಚ್ಚಾಗಿದ್ದಾರೆ.

ಮದರಂಗಿ ನಮಗೆ ಹೊಸದಲ್ಲ. ಕರಾವಳಿಯಲ್ಲಿ ಮದುವೆಯ ಹಿಂದಿನ ರಾತ್ರಿಯ ಮದರಂಗಿ ಶಾಸ್ತ್ರ ಎಲ್ಲರಿಗೂ ಗೊತ್ತು. ಗೋರಂಟಿ ಸೊಪ್ಪು ಅರೆದು ರಾತ್ರಿ ಕೈಗೆ ಮೆತ್ತಿಕೊಂಡು ಮಲಗಿದ ನೆನಪು ಹಲವರಿಗೆ ಇರುತ್ತದೆ. ಬದಲಾಗಿರುವುದು ಎರಡು ಸಂಗತಿ: ಅಂಗಡಿಯ ಕೋನ್ ಮತ್ತು ಸಮಯದ ಅಭಾವ. ಶುಕ್ರವಾರ ರಾತ್ರಿ ಆಫೀಸು ಮುಗಿಸಿ, ಶನಿವಾರ ಬೆಳಗಿನ ವಿಮಾನ ಹತ್ತಿ, ಸಂಜೆಯೇ ಸಗಾಯಿ ಎಂದರೆ "ಬೇಗ ಕಪ್ಪಾಗುವ ಕೋನ್" ಬೇಕೆನಿಸುವುದು ಸಹಜ.

ಬಣ್ಣ ಬರುವುದು ಹೇಗೆ?

ಮದರಂಗಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಲಾಸೋನಿಯಾ ಇನರ್ಮಿಸ್. ಇದರ ಎಲೆಯಲ್ಲಿ ಲಾಸೋನ್ ಎಂಬ ಬಣ್ಣದ ವಸ್ತು ಇದೆ. ಅರೆದ ಅಥವಾ ಕಲಸಿದ ಎಲೆಯಿಂದ ಲಾಸೋನ್ ನಿಧಾನವಾಗಿ ಹೊರಬಂದು, ಚರ್ಮದ ಮೇಲ್ಪದರದಲ್ಲಿರುವ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಒಣಗಿದ ಮೆಹಂದಿ ಉದುರಿಸಿದ ಕೂಡಲೇ ಕಾಣುವುದು ಕಿತ್ತಳೆ ಬಣ್ಣ. ಗಾಳಿಯ ಆಮ್ಲಜನಕ ತಾಗುತ್ತಾ ಹೋದಂತೆ ಅದು ಕೆಂಪಾಗಿ, ಒಂದೆರಡು ದಿನಗಳಲ್ಲಿ ಕಡುಗಂದು ಬಣ್ಣಕ್ಕೆ ತಿರುಗುತ್ತದೆ. ಮೇಲ್ಪದರದ ಚರ್ಮ ಉದುರಿದಂತೆಲ್ಲ ಒಂದರಿಂದ ಮೂರು ವಾರಗಳಲ್ಲಿ ಮಾಸುತ್ತದೆ.

ಅಂಗೈ ಮತ್ತು ಅಂಗಾಲಿನಲ್ಲಿ ಈ ಮೇಲ್ಪದರ ದಪ್ಪ. ಹಾಗಾಗಿ ಅಲ್ಲಿ ಬಣ್ಣ ಗಾಢ. ಮುಂಗೈ ಮೇಲೆ ಪದರ ತೆಳು, ಬಣ್ಣವೂ ತಿಳಿ. ಎಲೆಪುಡಿ ಎಷ್ಟು ತಾಜಾ, ಎಷ್ಟು ಹೊತ್ತು ಕೈಮೇಲಿತ್ತು, ಕೈ ಎಷ್ಟು ಬೆಚ್ಚಗಿತ್ತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅತ್ತೆಯ ಪ್ರೀತಿ ಈ ಪಟ್ಟಿಯಲ್ಲಿಲ್ಲ!

ನಿಂಬೆ-ಸಕ್ಕರೆ, ಲವಂಗದ ಹೊಗೆ ನಿಜವೇ?

ಅರ್ಧ ನಿಜ. ನಿಂಬೆರಸದ ಹುಳಿ ಲಾಸೋನ್ ಹದವಾಗಿ ಹೊರಬರಲು ನೆರವಾಗುತ್ತದೆ. ಸಕ್ಕರೆ ನೀರು ಮೆಹಂದಿಯನ್ನು ಒಣಗಿ ಉದುರದಂತೆ ಹಿಡಿದಿಡುತ್ತದೆ. ಲವಂಗದ ಹೊಗೆಯಿಂದ ಸಿಗುವ ಮುಖ್ಯ ಲಾಭ ಬಿಸಿ. ಕೈ ಬೆಚ್ಚಗಿದ್ದರೆ ಬಣ್ಣ ಚೆನ್ನಾಗಿ ಹತ್ತುತ್ತದೆ. ಆದರೆ ಕೆಂಡದ ಹತ್ತಿರ ಕೈ ಒಡ್ಡಿ ಸುಟ್ಟುಕೊಳ್ಳಬೇಡಿ. ಸೀಮೆಎಣ್ಣೆ, ಪೆಟ್ರೋಲ್ ಬೆರೆಸುವ ಸಲಹೆ ಬಂದರೆ ಅಲ್ಲೇ ಅಳಿಸಿಬಿಡಿ.

"ಕಪ್ಪು ಮೆಹಂದಿ"ಯಲ್ಲಿ ಏನಿರುತ್ತದೆ?

ಹೆಚ್ಚಾಗಿ ಇರುವುದು ಪ್ಯಾರಾ-ಫಿನೈಲಿನ್‌ಡೈಅಮೀನ್, ಚಿಕ್ಕದಾಗಿ ಪಿಪಿಡಿ. ತಲೆಗೂದಲಿಗೆ ಹಚ್ಚುವ ಕಪ್ಪು ಡೈಯಲ್ಲಿ ಬಳಸುವ ರಾಸಾಯನಿಕ ಇದೇ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಕೂದಲಿಗೆ ಹಚ್ಚುವಾಗ ಇದರ ಪ್ರಮಾಣ ಶೇ. 2 ಮೀರುವಂತಿಲ್ಲ, ಚರ್ಮಕ್ಕೆ ಹಚ್ಚುವಂತೆಯೇ ಇಲ್ಲ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2006ರಲ್ಲಿ ಪಿಪಿಡಿಯನ್ನು "ವರ್ಷದ ಅಲರ್ಜಿಕಾರಕ" ಎಂದು ಹೆಸರಿಸಿತ್ತು.

ನಮ್ಮ ಅಂಗಡಿಗಳಲ್ಲಿ ತಲೆಗೆಂದು ಮಾರುವ "ಕಾಲಿ ಮೆಹಂದಿ" ಪುಡಿಗಳಲ್ಲೂ ಹಲವು ಬಾರಿ ಪಿಪಿಡಿ ಇರುತ್ತದೆ. ಹೆಸರಿನಲ್ಲಿ ಮೆಹಂದಿ ಇದೆಯೆಂದು ಅದನ್ನು ಕೈಗೆ ಹಚ್ಚಬಾರದು.

ಇದು ಹಚ್ಚಿದ ಎಲ್ಲರಿಗೂ ತೊಂದರೆ ಕೊಡುವುದಿಲ್ಲ. ಕೊಟ್ಟಾಗ ಚಿತ್ತಾರ ಇದ್ದ ಗೆರೆಯ ಮೇಲೆಯೇ ತುರಿಕೆ, ಕೆಂಪು, ಊತ, ನೀರುಬೊಬ್ಬೆ ಏಳುತ್ತವೆ. ವಾಸಿಯಾದ ಮೇಲೂ ಆ ಬಳ್ಳಿ, ಹೂವಿನ ಆಕಾರದಲ್ಲೇ ಬಿಳಿ ಅಥವಾ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು.

"ಕಳೆದ ಸಲ ನನಗೇನೂ ಆಗಲಿಲ್ಲ"

ಇದೇ ದೊಡ್ಡ ಮೋಸ. ಪಿಪಿಡಿ ಅಲರ್ಜಿ ಮೊದಲ ಸಲವೇ ಕಾಣಿಸಿಕೊಳ್ಳಬೇಕೆಂದಿಲ್ಲ. ಮೊದಲ ಸಂಪರ್ಕದಲ್ಲಿ ದೇಹದ ರೋಗನಿರೋಧಕ ಕಣಗಳು ಆ ವಸ್ತುವನ್ನು "ಶತ್ರು" ಎಂದು ಗುರುತು ಹಾಕಿಕೊಳ್ಳುತ್ತವೆ. ಇದಕ್ಕೆ ಸುಮಾರು ಎರಡು ವಾರ ಬೇಕು. ಮುಂದಿನ ಸಲ ಹಚ್ಚಿದಾಗ ಒಂದರಿಂದ ಮೂರು ದಿನಗಳಲ್ಲಿ ದಾಳಿ ಶುರು. ಅಂದರೆ ಸಗಾಯಿಗೆ ಹಚ್ಚಿದ ಕಪ್ಪು ಕೋನ್ ಸುಮ್ಮನಿದ್ದು, ಮದುವೆಗೆ ಹಚ್ಚಿದ್ದು ಬೊಬ್ಬೆ ತರಬಹುದು.

ಒಮ್ಮೆ ಅಂಟಿದ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ನರೆಗೂದಲಿಗೆ ಡೈ ಹಚ್ಚಿದರೆ ಮುಖ, ಕಣ್ಣು ಊದಿಕೊಳ್ಳಬಹುದು. ಕೆಲವು ಬಟ್ಟೆ ಬಣ್ಣಗಳಿಗೆ, ಬೆನ್ಜೊಕೇನ್‌ನಂಥ ಮರಗಟ್ಟಿಸುವ ಔಷಧಕ್ಕೂ ಅಲರ್ಜಿ ಆಗಬಹುದು. ಹೇರ್‌ಡೈ ಒಮ್ಮೆಯಾದರೂ ತೊಂದರೆ ಕೊಟ್ಟಿದ್ದರೆ ಕಪ್ಪು ಕೋನನ್ನು ಮುಟ್ಟಲೇಬೇಡಿ.

ಕೋನ್ ಗುರುತಿಸುವುದು ಹೇಗೆ?

ನಿಜವಾದ ಮೆಹಂದಿಯ ಹಿಟ್ಟು ಹಸಿರುಗಂದು ಬಣ್ಣದ್ದು, ಒಣಹುಲ್ಲಿನ ವಾಸನೆಯದ್ದು. ಹಿಟ್ಟೇ ಕಪ್ಪಾಗಿದ್ದರೆ, ಹೇರ್‌ಡೈ ಅಥವಾ ಪೆಟ್ರೋಲ್ ವಾಸನೆ ಬಂದರೆ ಬೇಡ. ಅರ್ಧ ಗಂಟೆಯೊಳಗೆ ಗಾಢ ಬಣ್ಣದ ಭರವಸೆ ಕೊಟ್ಟರೆ ಬೇಡ. ಕೋನಿನ ಮೇಲೆ ಪದಾರ್ಥಗಳ ಪಟ್ಟಿ, ತಯಾರಕರ ವಿಳಾಸ ಇಲ್ಲದಿದ್ದರೂ ಬೇಡ.

ಇನ್ನೊಂದು ಸುಲಭ ಸುಳಿವು ಫ್ರಿಜ್. ಎಲೆಪುಡಿ, ನಿಂಬೆರಸದಿಂದ ಕಲಸಿದ ಮೆಹಂದಿ ಹೊರಗಿಟ್ಟರೆ ಕೆಲವೇ ದಿನಗಳಲ್ಲಿ ಬಣ್ಣ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ. ಅಂಗಡಿಯ ಬಾಗಿಲಲ್ಲಿ ತಿಂಗಳುಗಟ್ಟಲೆ ನೇತಾಡಿದ ಕೋನ್ ಇನ್ನೂ ಗಾಢ ಬಣ್ಣ ಕೊಡುತ್ತದೆ ಎಂದರೆ ಆ ಬಣ್ಣ ಎಲೆಯದ್ದೇ ಎಂದು ನಂಬುವುದು ಕಷ್ಟ. "ಹರ್ಬಲ್", "100% ನ್ಯಾಚುರಲ್" ಎಂಬ ಅಚ್ಚು ಯಾವುದಕ್ಕೂ ಸಾಕ್ಷಿಯಲ್ಲ.

ದಿನಗಳ ಲೆಕ್ಕ

ಐದು ದಿನ ಮೊದಲು: ಒಳ್ಳೆಯ ಎಲೆಪುಡಿ ತನ್ನಿ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಇದಕ್ಕೆ ಹೆಸರುವಾಸಿ. ಸೋಜತ್ ಮೆಹಂದಿಗೆ 2021ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಸ್ವಲ್ಪ ಕಲಸಿ, ಬಟಾಣಿ ಕಾಳಿನಷ್ಟನ್ನು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ತುರಿಕೆ ಬಂದರೆ ಕೈಬಿಡಿ. ಆದರೆ ಅನುಮಾನದ ಕಪ್ಪು ಕೋನನ್ನು ಹೀಗೆ ಪರೀಕ್ಷಿಸಲು ಹೋಗಬೇಡಿ, ಆ ಪರೀಕ್ಷೆಯೇ ಅಲರ್ಜಿಯ ಮೊದಲ ಮೆಟ್ಟಿಲಾಗಬಹುದು.

ಎರಡು ದಿನ ಮೊದಲು, ಸಂಜೆ: ಪುಡಿಯನ್ನು ನಿಂಬೆರಸ, ಸ್ವಲ್ಪ ಸಕ್ಕರೆ ಹಾಕಿ ಕಲಸಿ ಕೆಲವು ಗಂಟೆ ಮುಚ್ಚಿಟ್ಟು ಹಚ್ಚಿಸಿಕೊಳ್ಳಿ. ಆರರಿಂದ ಎಂಟು ಗಂಟೆ ಇರಲಿ. ತೆಗೆಯುವಾಗ ನೀರು ಬೇಡ, ಕೆರೆದು ಉದುರಿಸಿ ಕೊಬ್ಬರಿ ಎಣ್ಣೆ ಸವರಿ.

ಹಿಂದಿನ ದಿನ: ಸಾಧ್ಯವಾದಷ್ಟು ಸೋಪು, ಪಾತ್ರೆ ತೊಳೆಯುವ ಕೆಲಸದಿಂದ ದೂರವಿರಿ. ಬಣ್ಣ ಇನ್ನೂ ಕಿತ್ತಳೆಯಾಗಿದೆ ಎಂದು ಗಾಬರಿಯಾಗಿ ಮೇಲೆ ಇನ್ನೊಂದು ಕೋನ್ ಹಚ್ಚಬೇಡಿ.

ಸಗಾಯಿಯ ದಿನ: ಬಣ್ಣ ಅತ್ಯಂತ ಗಾಢವಾಗಿರುವುದು ಈಗಲೇ. ಅತ್ತೆ ಇಡುವ ಶಕುನದ ಮೆಹಂದಿಗೂ ನಿಮ್ಮದೇ ಹಿಟ್ಟು ಸ್ವಲ್ಪ ತೆಗೆದು ಫ್ರೀಜರಿನಲ್ಲಿಟ್ಟು ಒಯ್ಯಿರಿ.

ಮಕ್ಕಳ ಕೈಗೆ ಹಚ್ಚುವ ಮೊದಲು

ಸಮಾರಂಭದಲ್ಲಿ ಮಕ್ಕಳೂ ಕೈ ಚಾಚುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ನಿಜವಾದ ಮೆಹಂದಿಯೂ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಹೆಚ್ಚು ಅಪಾಯ ಹಸುಗೂಸುಗಳಿಗೆ. ಕೊರತೆ ಇರುವುದು ಹಲವು ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಆದ್ದರಿಂದ ಎಳೆ ಮಕ್ಕಳಿಗೆ ಹಚ್ಚಬೇಡಿ. ಹಚ್ಚಿದ ಮೇಲೆ ಮಗು ಮಂಕಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ತುರಿಕೆ ಶುರುವಾದರೆ?

ಸೋಪು, ನೀರಿನಿಂದ ತೊಳೆಯಿರಿ. ಬೆರಳು ಊದುವ ಮೊದಲೇ ಉಂಗುರ, ಬಳೆ ತೆಗೆಯಿರಿ. ಬೊಬ್ಬೆ ಒಡೆಯಬೇಡಿ. ಅರಿಸಿನ, ಟೂತ್‌ಪೇಸ್ಟ್, ಸುಣ್ಣ ಹಚ್ಚಬೇಡಿ. ಚರ್ಮದ ವೈದ್ಯರನ್ನು ಕಾಣಿ, ಕೋನಿನ ಪ್ಯಾಕೆಟ್ ಜೊತೆಗಿರಲಿ. ಮುಖ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಬೇಡ ಎನ್ನುವುದು ಹೇಗೆ?

ಎಲ್ಲ ಗೊತ್ತಿದ್ದರೂ, ಹೊಸ ಮನೆಯ ಹಿರಿಯರು ಪ್ರೀತಿಯಿಂದ ಕೋನ್ ಹಿಡಿದು ಬಂದಾಗ ಕೈ ಹಿಂದೆಗೆಯುವುದು ಕಷ್ಟ. ಶಾಸ್ತ್ರವನ್ನೇ ಬೇಡವೆಂದರು ಎಂದು ಅವರು ತಿಳಿದುಕೊಂಡಾರು ಎಂಬ ಅಳುಕು ಇರುತ್ತದೆ. ಹಾಗಾಗಿ ಆ ಕ್ಷಣಕ್ಕೆ ಬಿಡದೆ, ನಿಮ್ಮ ಸಂಗಾತಿಯೇ ವಾರದ ಮೊದಲು ಮನೆಯಲ್ಲಿ ಹೇಳಿಬಿಡಲಿ. ಆ ದಿನ ನೀವು ಹೇಳಬೇಕಾದದ್ದು ಇಷ್ಟೇ: "ಆಂಟಿ, ನನಗೆ ಕೆಮಿಕಲ್ ಕೋನ್ ಆಗಿಬರಲ್ಲ. ಮನೆಯಲ್ಲೇ ಕಲಸಿದ್ದು ತಂದಿದ್ದೀವಿ, ಮೊದಲ ಬೊಟ್ಟು ನೀವೇ ಇಡಿ." ಶಾಸ್ತ್ರಕ್ಕೆ ಬೇಕಾಗಿರುವುದು ಅವರ ಕೈ, ಅಂಗಡಿಯ ಕೋನ್ ಅಲ್ಲ.

ಹಂಚುವುದಾದರೆ ಇಷ್ಟನ್ನು ಹಂಚಿ: ನಿಜವಾದ ಮೆಹಂದಿ ಮೊದಲು ಕಿತ್ತಳೆ, ಎರಡು ದಿನಕ್ಕೆ ಕಡುಗಂದು. ನಿಮಿಷಗಳಲ್ಲಿ ಕಪ್ಪಾದರೆ ಅದು ರಾಸಾಯನಿಕ. ಸಮಾರಂಭಕ್ಕೆ ಎರಡು ದಿನ ಮೊದಲೇ ಹಚ್ಚಿ. ಹೇರ್‌ಡೈ ಆಗದವರು, ಎಳೆ ಮಕ್ಕಳು ಜೋಪಾನ.