ಇಂಡಸ್ಟ್ರಿಯಲ್ ಎಂಜಿನಿಯರ್: ಕೆಲಸ, ಓದು, ಬದುಕು



ಪ್ರತಿ ವರ್ಷ ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಪಾಲಕರು ಸಂಘಕ್ಕೆ ಬಂದು ಕೇಳುವ ಪ್ರಶ್ನೆಗಳಲ್ಲಿ ಒಂದು ಹೀಗಿರುತ್ತದೆ: “ಕಾಲೇಜಿನ ಪಟ್ಟಿಯೊಳಗ ಇಂಡಸ್ಟ್ರಿಯಲ್ ಅಂತ ಒಂದು ಬ್ರಾಂಚ್ ಐತ್ರಿ, ಅದರಾಗ ಏನ್ ಕಲಸ್ತಾರ?” ವೆರ್ಣಾ, ಕುಂಡೈ ಕೈಗಾರಿಕಾ ವಸಾಹತುಗಳಲ್ಲಿ ದುಡಿಯುವ ಸದಸ್ಯರ ಪ್ರಶ್ನೆ ಬೇರೆ: “ಗಡಿಯಾರ ಹಿಡಕೊಂಡು ನಮ್ಮ ಹಿಂದ ನಿಂದರತಾರಲ್ಲ, ಅವರು ಬರದ ಟಾರ್ಗೆಟ್ ಖರೇನ ಏನ್ರಿ?” ಎರಡೂ ಪ್ರಶ್ನೆಗಳು ಒಂದೇ ವೃತ್ತಿಗೆ ಸಂಬಂಧಪಟ್ಟವು. ಗೋವಾಕ್ಕೆ ದುಡಿಯಲು ಬಂದ ನಮ್ಮವರಲ್ಲಿ ಹೆಚ್ಚಿನವರು ಇದುವರೆಗೆ ಆ ಗಡಿಯಾರದ ಮುಂದೆ ನಿಂತವರು. ಈಗ ಅವರ ಮಕ್ಕಳು ಅದನ್ನು ಕೈಗೆ ತೆಗೆದುಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಆದ್ದರಿಂದ ಇಬ್ಬರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒಂದೆಡೆ ಕೊಡುತ್ತಿದ್ದೇವೆ.

ಇವರ ಕೆಲಸ ಏನು?

ಮೆಕ್ಯಾನಿಕಲ್ ಎಂಜಿನಿಯರ್ ಯಂತ್ರವನ್ನು ನೋಡುತ್ತಾರೆ, ಎಲೆಕ್ಟ್ರಿಕಲ್‌ನವರು ವಿದ್ಯುತ್ತನ್ನು ನೋಡುತ್ತಾರೆ. ಇಂಡಸ್ಟ್ರಿಯಲ್ ಎಂಜಿನಿಯರ್ ನೋಡುವುದು ಇವೆಲ್ಲ ಸೇರಿ ನಡೆಯುವ ಕೆಲಸವನ್ನು. ಮನುಷ್ಯ, ಯಂತ್ರ, ಸಾಮಾನು, ಜಾಗ, ಸಮಯ, ಹಣ – ಇವು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ, ಎಲ್ಲಿ ತಡವಾಗುತ್ತಿದೆ, ಎಲ್ಲಿ ವ್ಯರ್ಥವಾಗುತ್ತಿದೆ, ಯಾರ ಬೆನ್ನು ಯಾಕೆ ನೋಯುತ್ತಿದೆ ಎಂದು ಪತ್ತೆಹಚ್ಚಿ ಸರಿಪಡಿಸುವುದೇ ಅವರ ಉದ್ಯೋಗ.

ಕಚೇರಿ ನೌಕರಿಯಲ್ಲೇ ತಲೆ ನರೆತ ನಮ್ಮಂಥವರಿಗೆ ಇದು ಕಡತದ ಉದಾಹರಣೆಯಿಂದ ಬೇಗ ತಿಳಿಯುತ್ತದೆ. ಒಂದು ಅರ್ಜಿ 6 ಮೇಜು ದಾಟಬೇಕು, ಪ್ರತಿ ಮೇಜಿನಲ್ಲಿ 10 ನಿಮಿಷದ ಕೆಲಸ ಎಂದುಕೊಳ್ಳಿ. ಒಟ್ಟು ಕೆಲಸ 1 ಗಂಟೆ. ಆದರೆ ಅರ್ಜಿದಾರನಿಗೆ ಉತ್ತರ ಸಿಗುವುದು 20 ದಿನಕ್ಕೆ. ಗುಮಾಸ್ತರನ್ನೆಲ್ಲ ಗದರಿಸಿ ಎರಡು ಪಟ್ಟು ವೇಗದಲ್ಲಿ ಬರೆಸಿದರೂ ಉಳಿಯುವುದು ಅರ್ಧ ಗಂಟೆ ಮಾತ್ರ. 20 ದಿನ 20 ದಿನವಾಗಿಯೇ ಇರುತ್ತದೆ. ಯಾಕೆಂದರೆ ಕಡತ ಆ ದಿನಗಳನ್ನು ಕಳೆದದ್ದು ಟ್ರೇಯಲ್ಲಿ ಮಲಗಿ. ಒಳ್ಳೆಯ ಇಂಡಸ್ಟ್ರಿಯಲ್ ಎಂಜಿನಿಯರ್ ಗುಮಾಸ್ತನ ಕೈಯನ್ನಲ್ಲ, ಆ ಟ್ರೇಯನ್ನು ಮೊದಲು ನೋಡುತ್ತಾರೆ. ಕಾರ್ಖಾನೆಯಲ್ಲೂ ಇದೇ ಮಾತು. ಸರಕು ಕೆಲಸದಲ್ಲಿರುವ ಹೊತ್ತಿಗಿಂತ ಕಾಯುತ್ತ ಬಿದ್ದಿರುವ ಹೊತ್ತೇ ಹೆಚ್ಚು.

ಇನ್ನೊಂದು ಉದಾಹರಣೆ ನಾವೆಲ್ಲ ಊರಿಗೆ ಹೋಗುವ ದಾರಿಯಲ್ಲೇ ಇದೆ. ವಾಸ್ಕೊ–ಹುಬ್ಬಳ್ಳಿ ರೈಲುಮಾರ್ಗದಲ್ಲಿ ಕುಳೆಂ ಮತ್ತು ಕ್ಯಾಸಲ್‌ರಾಕ್ ನಡುವಿನ ಘಟ್ಟದ ಏರು 37ಕ್ಕೆ 1. ಅಂದರೆ 37 ಅಡಿ ಮುಂದೆ ಸಾಗುವಷ್ಟರಲ್ಲಿ 1 ಅಡಿ ಮೇಲೆ ಹತ್ತಬೇಕು. ಭಾರದ ಗಾಡಿಗಳಿಗೆ ಅಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಮರ್ಮಗೋವಾ ಬಂದರಿನಲ್ಲಿ ಹಡಗಿನಿಂದ ಎಷ್ಟೇ ಬೇಗ ಕಲ್ಲಿದ್ದಲು ಇಳಿಸಿದರೂ ಘಟ್ಟ ಎಷ್ಟನ್ನು ಹತ್ತಿಸುತ್ತದೋ ಅಷ್ಟೇ ರೈಲಿನಲ್ಲಿ ಬಳ್ಳಾರಿ ಕಡೆ ಹೋಗುವುದು. ಉಳಿದದ್ದು ಬಂದರಿನಲ್ಲಿ ರಾಶಿಯಾಗುತ್ತದೆ. ಕೊಡದ ಬಾಯಿ ಚಿಕ್ಕದಿದ್ದರೆ ನಲ್ಲಿಯ ನೀರು ಜೋರಾಗಿ ಬಿಟ್ಟು ಫಲವೇನು? ಇಡೀ ವ್ಯವಸ್ಥೆಯಲ್ಲಿ ಇಂಥ ಇಕ್ಕಟ್ಟಿನ ಜಾಗ ಯಾವುದೆಂದು ಗುರುತಿಸುವುದು ಈ ವಿದ್ಯೆಯ ಮೊದಲ ಪಾಠ.

ವೃತ್ತಿ ಬೆಳೆದು ಬಂದ ಬಗೆ

ಈ ವೃತ್ತಿಯ ಮೂಲಪುರುಷನೆಂದು ಅಮೆರಿಕದ ಫ್ರೆಡರಿಕ್ ಟೇಲರ್ (1856–1915) ಅವರನ್ನು ಹೇಳುತ್ತಾರೆ. ಅನುಕೂಲಸ್ಥರ ಮನೆಯ ಹುಡುಗ, ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿ ಮೇಲೆ ಬಂದವರು. ಕೆಲಸವನ್ನು ಚಿಕ್ಕ ಚಿಕ್ಕ ಭಾಗ ಮಾಡಿ, ಸ್ಟಾಪ್‌ವಾಚ್ ಹಿಡಿದು ಅಳೆದು, ಎಲ್ಲರೂ ಒಂದೇ ಕ್ರಮದಲ್ಲಿ ಮಾಡಬೇಕೆಂದರು. 1911ರಲ್ಲಿ ಅವರ ಪ್ರಸಿದ್ಧ ಪುಸ್ತಕ ಬಂತು. ಅದೇ ವರ್ಷ ವಾಟರ್‌ಟೌನ್ ಎಂಬಲ್ಲಿದ್ದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಎರಕದ ಕೆಲಸಗಾರರು ಸ್ಟಾಪ್‌ವಾಚ್ ವಿರುದ್ಧ ಕೆಲಸ ಬಿಟ್ಟು ಹೊರಬಂದರು. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಗಿ ವಿಚಾರಣೆ ನಡೆಯಿತು. ಮುಂದೆ ಸರ್ಕಾರಿ ಶಸ್ತ್ರಾಗಾರಗಳಲ್ಲಿ ಇಂಥ ಸಮಯ ಅಳತೆಗೆ ಹಣ ಬಳಸಬಾರದೆಂಬ ನಿರ್ಬಂಧ ಬಂತು. ಕೆಲಸಗಾರನನ್ನು ಕೇಳದೆ ಅವನ ಕೆಲಸ ಅಳೆದರೆ ಏನಾಗುತ್ತದೆ ಎಂಬುದು ಈ ವೃತ್ತಿಗೆ ಶುರುವಿನಲ್ಲೇ ಸಿಕ್ಕ ಪಾಠ.

ಇನ್ನೊಂದು ದಾರಿ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳದು. ಫ್ರಾಂಕ್ ಇಟ್ಟಿಗೆ ಕಟ್ಟುವ ಗೌಂಡಿಯಾಗಿ ಕೆಲಸ ಕಲಿತವರು. ಪ್ರತಿ ಇಟ್ಟಿಗೆಗೂ ಗೌಂಡಿ ನೆಲಕ್ಕೆ ಬಗ್ಗಿ ಏಳುವುದನ್ನು ನೋಡಿ, ಇಟ್ಟಿಗೆ ಸೊಂಟದ ಎತ್ತರದಲ್ಲೇ ಸಿಗುವಂತೆ ಏರಿಸಿ ಇಳಿಸುವ ಅಟ್ಟಣಿಗೆ ಮಾಡಿದರು. ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳು 5ಕ್ಕೂ ಕಡಿಮೆಯಾದವು. ಕೆಲಸ ಹೆಚ್ಚಾಯಿತು, ಬೆನ್ನಿನ ನೋವು ಕಡಿಮೆಯಾಯಿತು. ಲಿಲಿಯನ್ (1878–1972) ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, 12 ಮಕ್ಕಳ ತಾಯಿ. 1924ರಲ್ಲಿ ಗಂಡ ತೀರಿಕೊಂಡ ಮೇಲೆ ಒಬ್ಬರೇ ಈ ಕೆಲಸ ಮುಂದುವರಿಸಿ, ಅಡುಗೆಮನೆಯಲ್ಲಿ ಹೆಂಗಸರ ಓಡಾಟ ಕಡಿಮೆ ಮಾಡುವ ಜೋಡಣೆಗಳನ್ನು ರೂಪಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೋ (1912–1990) “ಬೇಕಾದಾಗ, ಬೇಕಾದಷ್ಟೇ” ಎಂಬ ಪದ್ಧತಿ ಬೆಳೆಸಿದರು. ಅದರಲ್ಲಿ ನಾವು ಗಮನಿಸಬೇಕಾದದ್ದು ಒಂದು: ತಪ್ಪು ಕಂಡರೆ ಸಾಮಾನ್ಯ ಕೆಲಸಗಾರನಿಗೂ ಇಡೀ ಲೈನ್ ನಿಲ್ಲಿಸುವ ಅಧಿಕಾರವಿತ್ತು.

ನಮ್ಮ ದೇಶದಲ್ಲಿ 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ, 1963ರಲ್ಲಿ ಮುಂಬಯಿಯಲ್ಲಿ ‘ನಿಟಿ’ ಎಂದು ಹೆಸರಾದ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ತರಬೇತಿ ಸಂಸ್ಥೆ ಹುಟ್ಟಿದವು. ಈ ಸಂಸ್ಥೆಯೇ 2023ರಲ್ಲಿ ಐಐಎಂ ಮುಂಬಯಿ ಆಯಿತು.

ಟಾರ್ಗೆಟ್ ಲೆಕ್ಕ ಹಾಕುವ ಕ್ರಮ

ಕಾರ್ಖಾನೆಯಲ್ಲಿ ದುಡಿಯುವ ಸದಸ್ಯರು ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಬೇಕು. ಒಬ್ಬ ಹೆಣ್ಣುಮಗಳು ನಿಂತುಕೊಂಡು ಡಬ್ಬಿ ಪ್ಯಾಕ್ ಮಾಡುತ್ತಿದ್ದಾಳೆ ಎಂದು ಇಟ್ಟುಕೊಳ್ಳಿ.

1. ಗಡಿಯಾರದಲ್ಲಿ ಒಂದು ಡಬ್ಬಿಗೆ ಸರಾಸರಿ 40 ಸೆಕೆಂಡು ಬಂತು.

2. ಯಾರಾದರೂ ನೋಡುತ್ತಿದ್ದರೆ ಮನುಷ್ಯ ಸಹಜವಾಗಿ ಚುರುಕಾಗುತ್ತಾನೆ. ಅವಳ ವೇಗ ಸಾಧಾರಣಕ್ಕಿಂತ ಹೆಚ್ಚು, ಶೇ. 110 ಎಂದು ಎಂಜಿನಿಯರ್ ಅಂದಾಜು ಮಾಡಿದರೆ, ಸಾಧಾರಣ ಸಮಯ 40 × 1.10 = 44 ಸೆಕೆಂಡು.

3. ಇದಕ್ಕೆ ವಿಶ್ರಾಂತಿಯ ಪಾಲು ಸೇರಿಸಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಹೆಸರಿನಲ್ಲಿ ಪಠ್ಯಪುಸ್ತಕಗಳು ಕೊಡುವ ಪಟ್ಟಿಯ ಪ್ರಕಾರ ಸ್ವಂತ ಅಗತ್ಯಗಳಿಗೆ ಗಂಡಸರಿಗೆ ಶೇ. 5, ಹೆಂಗಸರಿಗೆ ಶೇ. 7, ದಣಿವಿಗೆ ಇಬ್ಬರಿಗೂ ಶೇ. 4, ನಿಂತು ಮಾಡುವ ಕೆಲಸವಾದರೆ ಗಂಡಸರಿಗೆ ಇನ್ನೂ ಶೇ. 2, ಹೆಂಗಸರಿಗೆ ಶೇ. 4. ಇವಳಿಗೆ ಒಟ್ಟು ಶೇ. 15. ಆಗ 44 × 1.15 = 50.6 ಸೆಕೆಂಡು.

ಗಡಿಯಾರದ 40 ಸೆಕೆಂಡನ್ನೇ ಹಿಡಿದರೆ ಗಂಟೆಗೆ 90 ಡಬ್ಬಿ ಮಾಡಬೇಕು. ಕ್ರಮವಾಗಿ ಲೆಕ್ಕ ಹಾಕಿದರೆ 71. ಪಾಳಿಯ ಕೊನೆಗೆ ಆ ಹೆಣ್ಣುಮಗಳು ಮನೆಗೆ ನಡೆದು ಹೋಗುತ್ತಾಳೋ, ಗೋಡೆ ಹಿಡಿದು ಹೋಗುತ್ತಾಳೋ ಎಂಬುದು ಈ 19 ಡಬ್ಬಿಗಳಲ್ಲಿದೆ. ಸೆಕೆ, ಭಾರ, ಬಗ್ಗುವುದು, ಗದ್ದಲ ಇದ್ದರೆ ಆ ಪಟ್ಟಿಯಲ್ಲಿ ಅವಕ್ಕೂ ಪ್ರತ್ಯೇಕ ಪಾಲು ಇದೆ. ಆದ್ದರಿಂದ ಟಾರ್ಗೆಟ್ ಬಂದಾಗ ಜಗಳಕ್ಕೆ ನಿಲ್ಲುವ ಮೊದಲು ಶಾಂತವಾಗಿ ಮೂರು ಮಾತು ಕೇಳಿ: ಅಳತೆ ಎಷ್ಟು ಸಲ ಮಾಡಿದಿರಿ? ವೇಗವನ್ನು ಎಷ್ಟು ಹಿಡಿದಿರಿ? ವಿಶ್ರಾಂತಿಗೆ ಎಷ್ಟು ಬಿಟ್ಟಿರಿ? ಓದಿಕೊಂಡ ಎಂಜಿನಿಯರ್ ಈ ಮೂರಕ್ಕೂ ಕಾಗದ ತೋರಿಸಿ ಉತ್ತರ ಕೊಡುತ್ತಾರೆ.

ಗೋವಾ ಮತ್ತು ಸುತ್ತಲಿನ ಊರುಗಳಲ್ಲಿ ಅವಕಾಶ

ವಾಸ್ಕೊದ ಗೋವಾ ಶಿಪ್‌ಯಾರ್ಡ್ 1957ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾಗಿ ಈಗ ರಕ್ಷಣಾ ಸಚಿವಾಲಯದ ಅಡಿಯಲ್ಲಿದೆ. ಹಡಗನ್ನು ದೊಡ್ಡ ತುಂಡುಗಳಾಗಿ ಮಾಡಿ ಜೋಡಿಸುವಾಗ ಯಾವ ತುಂಡು ಯಾವ ದಿನ ಸಿದ್ಧವಿರಬೇಕು, ಬೆಸುಗೆಯವರು ಮೊದಲೋ ಪೈಪಿನವರು ಮೊದಲೋ ಎಂಬ ಯೋಜನೆ ತಪ್ಪಿದರೆ ನೂರಾರು ಜನ ಕೈಕಟ್ಟಿ ಕೂರಬೇಕಾಗುತ್ತದೆ. ಔಷಧಿ ಕಾರ್ಖಾನೆಗಳಲ್ಲಿ ತಲೆನೋವು ಬೇರೆ: ಒಂದು ಮಾತ್ರೆ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಯಂತ್ರ ತೊಳೆದು, ಪರೀಕ್ಷಿಸಿ, ಮತ್ತೆ ಜೋಡಿಸುವ ಸಮಯ. ಪ್ಯಾಕಿಂಗ್ ಲೈನ್ ಹೊಂದಿಸುವುದು ನಮ್ಮ ಪಂಕ್ತಿ ಊಟದ ಹಾಗೆ. ಅನ್ನಕ್ಕೆ ಮೂವರು, ಸಾರಿಗೆ ಒಬ್ಬರೇ ಇದ್ದರೆ ಎಲೆಯ ಮೇಲಿನ ಅನ್ನ ಆರುತ್ತದೆ. ಬಂದರು, ವಿಮಾನ ನಿಲ್ದಾಣ, ಆಸ್ಪತ್ರೆ, ದೊಡ್ಡ ಹೋಟೆಲುಗಳ ಅಡುಗೆಮನೆ ಮತ್ತು ಲಾಂಡ್ರಿ, ಕೊರಿಯರ್ ಗೋದಾಮು – ಎಲ್ಲ ಕಡೆಯೂ ಈ ಕೆಲಸವಿದೆ. ಘಟ್ಟದ ಮೇಲೆ ಬೆಳಗಾವಿಯ ಉದ್ಯಮಬಾಗ್, ಕೊಲ್ಲಾಪುರದ ಫೌಂಡ್ರಿಗಳು, ಇಚಲಕರಂಜಿಯ ಮಗ್ಗಗಳು ಇವೆ.

ನಮ್ಮ ಗಡಿಭಾಗಕ್ಕೆ ಈ ವಿದ್ಯೆ ಹೊಸದಲ್ಲ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಈಗಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಓದಿದ್ದು ಮುಂಬಯಿಯ ಜೆ.ಜೆ. ಕಲಾಶಾಲೆ. ಬಣ್ಣ ಗುರುತಿಸುವಲ್ಲಿ ಕಣ್ಣಿಗೆ ತೊಂದರೆ ಇದ್ದುದರಿಂದ ಚಿತ್ರಕಲೆ ಬಿಟ್ಟು ಯಂತ್ರಗಳ ನಕ್ಷೆಯ ಕಡೆ ತಿರುಗಿದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಈಗಿನ ಸಾಂಗಲಿ ಜಿಲ್ಲೆಯ ಬರಡು ಭೂಮಿಯಲ್ಲಿ ಕಾರ್ಖಾನೆ ಮತ್ತು ಕೆಲಸಗಾರರ ಊರು ಎರಡನ್ನೂ ಒಟ್ಟಿಗೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಪದವಿ ಅವರಲ್ಲಿರಲಿಲ್ಲ. ಆದರೆ ಕೆಲಸ, ಮನೆ, ನೀರು, ದಾರಿ ಎಲ್ಲವನ್ನೂ ಒಂದೇ ಯೋಜನೆಯಾಗಿ ನೋಡುವ ದೃಷ್ಟಿ ಇತ್ತು. ಊರು ಕನ್ನಡದ್ದು, ಮನೆಮಾತು ಮರಾಠಿ. ಗಡಿಯ ಎರಡೂ ಬದಿಯವರು ಅವರನ್ನು ನಮ್ಮವರೆನ್ನಬಹುದು.

ಓದು ಮತ್ತು ಪ್ರವೇಶ

ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರಿಗೆ 4 ವರ್ಷದ ಬಿ.ಇ. ಪದವಿ. ಡಿಪ್ಲೊಮಾ ಮುಗಿಸಿದವರು ನೇರ ಎರಡನೇ ವರ್ಷಕ್ಕೆ ಸೇರಬಹುದು. ಬೆಂಗಳೂರಿನ ಆರ್.ವಿ., ಬಿ.ಎಂ.ಎಸ್., ರಾಮಯ್ಯ ಕಾಲೇಜುಗಳಲ್ಲಿ ಇದನ್ನು ‘ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್’ ಎಂದು, ಹುಬ್ಬಳ್ಳಿಯ ಬಿ.ವಿ.ಬಿ. ಮತ್ತು ಮೈಸೂರಿನ ಕಾಲೇಜುಗಳಲ್ಲಿ ‘ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್’ ಎಂದು ಕಲಿಸುತ್ತ ಬಂದರು. ಶಾಖೆಗಳ ಹೆಸರು ಆಗಾಗ ಬದಲಾಗುತ್ತದೆ. ಹೆಸರು ನೋಡದೆ ಪಠ್ಯಕ್ರಮ ನೋಡಬೇಕು. ಅದರಲ್ಲಿ ಕೆಲಸದ ಅಧ್ಯಯನ, ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್, ಕಾರ್ಖಾನೆ ವಿನ್ಯಾಸ, ವೆಚ್ಚದ ಲೆಕ್ಕ, ಶರೀರಕ್ಕೆ ಹೊಂದುವಂತೆ ಕೆಲಸ ರೂಪಿಸುವ ಎರ್ಗೊನಾಮಿಕ್ಸ್ ಇರಬೇಕು. ಮೊದಲು ಮೆಕ್ಯಾನಿಕಲ್ ಓದಿ ಆಮೇಲೆ ಇತ್ತ ಬರುವವರೂ ಬಹಳ. 1967ರಲ್ಲಿ ಶುರುವಾದ, ಫರ್ಮಾಗುಡಿಯಲ್ಲಿರುವ ಗೋವಾ ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವಿದೆ.

ಕರ್ನಾಟಕದ ಸಿಇಟಿಯಲ್ಲಿ ಕನ್ನಡ, ತುಳು, ಕೊಡವ ಮಾತೃಭಾಷೆಯ ಗಡಿನಾಡು ಮತ್ತು ಹೊರನಾಡು ಕನ್ನಡಿಗ ಮಕ್ಕಳಿಗೆ ಪ್ರತ್ಯೇಕ ಅವಕಾಶವಿದೆ. ಅದಕ್ಕೆ ವಾಸ ಮತ್ತು ವ್ಯಾಸಂಗದ ಪ್ರಮಾಣಪತ್ರಗಳು ಬೇಕು. ಜೊತೆಗೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪರೀಕ್ಷೆ ಪ್ರಾಥಮಿಕ ಶಾಲೆಯ ಮಟ್ಟದ್ದು. ಆದರೂ ಮನೆಯಲ್ಲಿ ಮಾತಾಡಲು ಮಾತ್ರ ಬಂದು, ಓದಲು ಬರೆಯಲು ಬಾರದ ಮಗುವಿಗೆ ಈ ಬಾಗಿಲು ತೆರೆಯುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿ ಎಂದು ಸಂಘ ಪದೇ ಪದೇ ಹೇಳುವುದು ಅಭಿಮಾನಕ್ಕೆ ಮಾತ್ರವಲ್ಲ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೂರ್ತಿ ಓದಿಯೇ ಅರ್ಜಿ ಹಾಕಿ. ಪ್ರಮಾಣಪತ್ರಗಳಲ್ಲಿ ಹೆಸರು, ಇನಿಶಿಯಲ್ ಒಂದೇ ರೀತಿ ಇವೆಯೇ ಎಂದು ಫಲಿತಾಂಶಕ್ಕೆ ಮೊದಲೇ ನೋಡಿಕೊಳ್ಳಿ. ತಿದ್ದಿಸಲು ಎಷ್ಟು ದಿನ ಹಿಡಿಯುತ್ತದೆಂದು ಕಡತದ ಲೆಕ್ಕದಲ್ಲಿ ಮೇಲೆ ಹೇಳಿದ್ದೇವೆ.

ಯಾರಿಗೆ ಹೊಂದುತ್ತದೆ?

ಒಂದೇ ಪದವಿಯಿಂದ ಬೇರೆ ಬೇರೆ ಬದುಕು ಸಾಧ್ಯ. ಕೆಲವರು ಪಾಳಿಯಲ್ಲಿ ಲೈನ್ ನೋಡಿಕೊಳ್ಳುತ್ತಾರೆ, ಕೆಲವರು ಗುಣಮಟ್ಟ ವಿಭಾಗದಲ್ಲಿ, ಕೆಲವರು ಸರಕು ಸಾಗಣೆಯಲ್ಲಿ, ಕೆಲವರು ಸಾಫ್ಟ್‌ವೇರ್ ಕಂಪನಿಯಲ್ಲಿ ಕುಳಿತು ಕಾರ್ಖಾನೆಯ ಯೋಜನೆ ಮಾಡುತ್ತಾರೆ. ಆಪಲ್ ಕಂಪನಿಯನ್ನು ನಡೆಸಿದ ಟಿಮ್ ಕುಕ್ 1982ರಲ್ಲಿ ಪಡೆದದ್ದು ಇದೇ ಪದವಿ. ಆದರೆ ಎಲ್ಲರಿಗೂ ಎ.ಸಿ. ಕೋಣೆ ಸಿಗುವುದಿಲ್ಲ. ಮೊದಲ ವರ್ಷಗಳು ಬಹುಪಾಲು ನಿಂತೇ ಕಳೆಯುತ್ತವೆ. ಮೇಲಿನವರು ಸಂಖ್ಯೆ ಕೇಳುತ್ತಾರೆ, ಕೆಳಗಿನವರು ಅನುಮಾನದಿಂದ ನೋಡುತ್ತಾರೆ. ನಡುವೆ ನಿಂತು ಇಬ್ಬರಿಗೂ ನಿಜ ಹೇಳುವ ಸ್ವಭಾವ ಬೇಕು. ಗಣಿತ ಇಷ್ಟವಿದ್ದು, ಜನರ ಜೊತೆ ಮಾತಾಡಲು ಬೇಸರವಿಲ್ಲದ ಮಕ್ಕಳಿಗೆ ಇದು ಹೊಂದುತ್ತದೆ. ಕನ್ನಡ, ಕೊಂಕಣಿ, ಮರಾಠಿ, ಹಿಂದಿ ಬಲ್ಲ ನಮ್ಮ ಗಡಿಯ ಮಕ್ಕಳು ಶಾಪ್ ಫ್ಲೋರ್‌ನಲ್ಲಿ ಕೆಲಸಗಾರನ ಮಾತನ್ನು ಅವನ ಭಾಷೆಯಲ್ಲೇ ಕೇಳಬಲ್ಲರು. ಈ ವೃತ್ತಿಯಲ್ಲಿ ಅದು ದೊಡ್ಡ ಅನುಕೂಲ.

ಈ ವಿಭಾಗಕ್ಕೆ ಸೇರಬಯಸುವ ವಿದ್ಯಾರ್ಥಿಗಳು, ಈಗಾಗಲೇ ಈ ವೃತ್ತಿಯಲ್ಲಿರುವ ಸದಸ್ಯರು ತಮ್ಮ ಹೆಸರನ್ನು ಸಂಘದಲ್ಲಿ ಬರೆಸಬೇಕಾಗಿ ವಿನಂತಿ. ಇಬ್ಬರನ್ನೂ ಒಂದೆಡೆ ಕೂಡಿಸುವ ಕೆಲಸ ನಾವು ಮಾಡುತ್ತೇವೆ. ಟಾರ್ಗೆಟ್ ಲೆಕ್ಕದ ಬಗ್ಗೆ ಸಂಶಯವಿರುವ ಕಾರ್ಮಿಕ ಸದಸ್ಯರೂ ಬರಬಹುದು. ಕಾಗದ, ಪೆನ್ನು ಹಿಡಿದು ಕೂತು ನೋಡೋಣ.

– ಕಾರ್ಯದರ್ಶಿ