ಚಿಕ್ಕ ನಾಡುಗಳ ಓಟದ ಕಣ

1952ನೆಯ ಇಸವಿಯ ಬೇಸಗೆಯಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ಜರುಗಿದ 1500 ಮೀಟರ್ ಓಟದ ಅಂತಿಮ ಸ್ಪರ್ಧೆಯಲ್ಲಿ, ಎರಡು ವರ್ಷಗಳ ತರುವಾಯ ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಿ ಜಗದ್ವಿಖ್ಯಾತನಾಗಲಿದ್ದ ರೋಜರ್ ಬ್ಯಾನಿಸ್ಟರನು ನಾಲ್ಕನೆಯವನಾಗಿ ಉಳಿಯಲು, ಅಮೆರಿಕದ ಮೆಕ್‌ಮಿಲನ್ ಹೆಗಲೆಣೆಗೆ ಬರುವಷ್ಟರಲ್ಲಿ ಗೆರೆಯನ್ನು ದಾಟಿದವನು ಲಕ್ಸೆಂಬರ್ಗಿನ ಯೋಸಿ ಬಾರ್ತೆಲ್. ವಿಜಯವೇದಿಕೆಯನ್ನೇರಿದ ಆತನಿಗೆ ಅಳು ತಡೆಯದಾಯಿತು. ವಾದ್ಯಗಾರರ ಬಳಿ ಆ ದೇಶದ ರಾಷ್ಟ್ರಗೀತೆಯ ಸ್ವರಲಿಪಿಯೇ ಇರಲಿಲ್ಲವೆಂದೂ, ತೋಚಿದ್ದನ್ನು ಬಾರಿಸಿ ಮುಗಿಸಿದರೆಂದೂ ಒಂದು ಕಥೆಯುಂಟು. ಕಥೆ ದಿಟವೋ ಸಟೆಯೋ, ಅಷ್ಟು ಚಿಕ್ಕ ನಾಡಿನ ಗೆಲುವಿನ ಸುತ್ತ ಅದು ಹುಟ್ಟಿಕೊಂಡುದರಲ್ಲಿ ಆಶ್ಚರ್ಯವೇನೂ ಇಲ್ಲ. ರಸಾಯನಶಾಸ್ತ್ರಜ್ಞನಾಗಿದ್ದ ಬಾರ್ತೆಲ್ ಮುಂದೆ ಮಂತ್ರಿಯೂ ಆದನು; ರಾಜಧಾನಿಯ ಕ್ರೀಡಾಂಗಣಕ್ಕೆ ಅವನ ಹೆಸರನ್ನೇ ಇಟ್ಟರು.

ನಾಲ್ಕು ವರ್ಷಗಳ ಮೇಲೆ ಮೆಲ್ಬೋರ್ನಿನಲ್ಲಿ, ಐಸ್ಲೆಂಡಿನ ವಿಲ್ಹ್ಯಾಲ್ಮುರ್ ಐನಾರ್ಸನ್ ತ್ರಿವಿಧ ಜಿಗಿತದ ಎರಡನೆಯ ಸರದಿಯಲ್ಲಿ ಹದಿನಾರು ಕಾಲು ಮೀಟರಿನಷ್ಟು ಹಾರಿ, ಒಲಿಂಪಿಕ್ ದಾಖಲೆಯನ್ನೇ ತನ್ನದಾಗಿಸಿಕೊಂಡು, ಬ್ರೆಜಿಲಿನ ಡ ಸಿಲ್ವ ನಾಲ್ಕನೆಯ ಸರದಿಯಲ್ಲಿ 16.35 ಮೀಟರ್ ಹಾರುವವರೆಗೂ ಅಗ್ರಸ್ಥಾನದಲ್ಲಿದ್ದನು. ಬೆಳ್ಳಿಯೇನೋ ಉಳಿಯಿತು, ಅದೇ ಆ ದ್ವೀಪದ ಪ್ರಥಮ ಒಲಿಂಪಿಕ್ ಪದಕ. ಆದರೆ ಇಂಥವರು ತಲೆಮಾರಿಗೊಬ್ಬರು ಹುಟ್ಟಿಯಾರು. ಮಿಕ್ಕವರ ಪಾಲಿಗೆ ಒಲಿಂಪಿಕ್ಸ್ ಎಂದರೆ ಧ್ವಜ ಹಿಡಿದು ಮೆರವಣಿಗೆಯಲ್ಲಿ ನಡೆದು, ಮೊದಲ ಸುತ್ತಿನಲ್ಲಿ ಸೋತು, ಗಂಟುಮೂಟೆ ಕಟ್ಟುವ ಯಾತ್ರೆಯೇ ಸರಿ.

1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸಿನ ಕಾಲಕ್ಕೆ, ಇಂಥ ಎಂಟು ಚಿಕ್ಕ ನಾಡುಗಳವರು ಕೂಡಿ ತಮ್ಮದೇ ಒಂದು ಕೂಟದ ಯೋಚನೆಯನ್ನು ಮುಂದಿಟ್ಟರು. ಅಂಡೋರಾ, ಸೈಪ್ರಸ್, ಐಸ್ಲೆಂಡ್, ಲಿಕ್ಟನ್‌ಸ್ಟೈನ್, ಲಕ್ಸೆಂಬರ್ಗ್, ಮಾಲ್ಟಾ, ಮೊನಾಕೊ, ಸಾನ್ ಮರಿನೊ: ಇವೇ ಆ ಎಂಟು. ಜನಸಂಖ್ಯೆ ಹತ್ತು ಲಕ್ಷಕ್ಕೆ ಮೀರಿರಬಾರದೆಂಬುದು ಪ್ರವೇಶದ ನಿಯಮ. ಮರುವರ್ಷವೇ ಸಾನ್ ಮರಿನೊದಲ್ಲಿ ಯೂರೋಪಿನ ಸಣ್ಣ ರಾಜ್ಯಗಳ ಕ್ರೀಡಾಕೂಟ ಮೊದಲಾಯಿತು. ಸುತ್ತಲೂ ಇಟಲಿಯೇ ಆವರಿಸಿರುವ ಆ ಗಣರಾಜ್ಯದ ವಿಸ್ತಾರ ಸುಮಾರು 61 ಚದರ ಕಿಲೋಮೀಟರ್. ನಮ್ಮ ಕಡೆಯ ಎಷ್ಟೋ ಹೋಬಳಿಗಳಿಗಿಂತ ಚಿಕ್ಕದು! ಅಂದಿನಿಂದ ಎರಡು ವರ್ಷಕ್ಕೊಮ್ಮೆ ಕೂಟವು ಊರಿಂದೂರಿಗೆ ಸಂಚರಿಸುತ್ತ ಬಂದಿದೆ. ಇಲ್ಲಿ ಯಾವ ಗೀತೆಯನ್ನೂ ವಾದ್ಯಗಾರರು ಊಹಿಸಿ ನುಡಿಸಬೇಕಾಗಿಲ್ಲ. 2009ರಲ್ಲಿ ಮಾಂಟೆನಿಗ್ರೊ ಒಂಬತ್ತನೆಯದಾಗಿ ಸೇರಿಕೊಂಡಿತು.

ಚಿಕ್ಕವರೊಳಗೂ ದೊಡ್ಡವರಿರುವುದು ಲೋಕನಿಯಮ. 2007ರಲ್ಲಿ ಒಸಾಕಾದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 2.35 ಮೀಟರ್ ಎತ್ತರ ಜಿಗಿದು ಕಂಚು ಗೆದ್ದ ಕಿರಿಯಾಕೋಸ್ ಇಯೋಅನ್ನೂವಿನಂಥವನನ್ನು ಹೆತ್ತ ಸೈಪ್ರಸಿಗೂ, ಮೂವತ್ತು ನಲವತ್ತು ಸಾವಿರ ಜನರ ಲಿಕ್ಟನ್‌ಸ್ಟೈನಿಗೂ ಹೋಲಿಕೆಯೆಲ್ಲಿ? ಪದಕಪಟ್ಟಿಯ ಮೇಲ್ಭಾಗದಲ್ಲಿ ಸೈಪ್ರಸ್, ಐಸ್ಲೆಂಡ್, ಲಕ್ಸೆಂಬರ್ಗುಗಳ ಹೆಸರೇ ಬಹುಮಟ್ಟಿಗೆ ಕಾಣುತ್ತದೆ. ಹೀಗಿದ್ದೂ ಲಿಕ್ಟನ್‌ಸ್ಟೈನ್ ತನ್ನ ಸರದಿ ಬಂದಾಗ, 1999ರಲ್ಲಿ ಮತ್ತು 2011ರಲ್ಲಿ, ಅತಿಥಿಗಳನ್ನು ಕರೆಯದೆ ಬಿಡಲಿಲ್ಲ. ನನಗೆ ಪದಕದ ಲೆಕ್ಕಕ್ಕಿಂತ ಈ ಸರದಿಯೇ ಹಿರಿದಾಗಿ ತೋರುತ್ತದೆ. ಇನ್ನು ಮೊನಾಕೊ: ಎರಡೇ ಚದರ ಕಿಲೋಮೀಟರಿನ ಆ ಸಂಸ್ಥಾನದಲ್ಲಿ ಜಗತ್ತಿನ ಅಥ್ಲೆಟಿಕ್ಸ್ ಆಡಳಿತದ ಪ್ರಧಾನ ಕಚೇರಿಯೇ 1993ರಿಂದ ನೆಲೆಸಿದೆ, ಮನೆ ಚಿಕ್ಕದಾದರೂ ಬಾಡಿಗೆದಾರ ಭಾರಿ ಎಂಬಂತೆ. ಸಣ್ಣ ರಾಜ್ಯಗಳಿಗೆ ಓಟ, ಜಿಗಿತ, ಎಸೆತಗಳಿಗಾಗಿಯೇ ಮೀಸಲಾದ ಪ್ರತ್ಯೇಕ ಚಾಂಪಿಯನ್‌ಷಿಪ್ಪೊಂದು 2016ರಲ್ಲಿ ಮಾಲ್ಟಾದ ಮಾರ್ಸಾದಲ್ಲಿ ಆರಂಭಗೊಂಡಿತು.

2021ರ ಕೂಟ ಅಂಡೋರಾದ ಪಾಲಿಗೆ ಬಂದಿತ್ತು. ಪಿರನೀಸ್ ಪರ್ವತಗಳ ನಡುವಣ ಆ ನಾಡು ಕರೆಯಲು ಸಿದ್ಧವಾಗಿದ್ದಂತೆಯೇ, ಮಹಾಮಾರಿಯ ಕಾರಣ ಟೋಕಿಯೊ ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಜಾರಿ ಅದೇ ಬೇಸಗೆಯನ್ನು ಆಕ್ರಮಿಸಿತು. ಚಿಕ್ಕವರ ಕೂಟ ರದ್ದಾಯಿತು. ಅಂಡೋರಾ ತನ್ನ ಸರದಿಯನ್ನು ಬಿಟ್ಟುಕೊಡಲಿಲ್ಲ. 2023ರ ಕೂಟ ಮಾಲ್ಟಾದಲ್ಲಿ ನಡೆದು ಮುಗಿದ ಮೇಲೆ, 2025ರಲ್ಲಿ ಅತಿಥಿಗಳು ಬೆಟ್ಟದ ದಾರಿ ಹತ್ತಿ ಅಲ್ಲಿಗೆ ಬಂದರು.